ಹೇಳಿ ಹೋದ ದಿನದ ತಾಮ್ರ

ಕೆಲಸಕ್ಕೆ ಸೇರಿದ ಮೊದಲ ದಿನ ನಿಮ್ಮ ಕೈಗೆ ನೀರಿನ ಒಂದು ಬಾಟಲಿ ಕೊಟ್ಟು, ಇದರಲ್ಲಿ ಲೋಹ ಎಷ್ಟಿದೆ ನೋಡಿ ಎನ್ನುತ್ತಾರೆ. ಆ ಬಾಟಲಿಯನ್ನು ನಂಬಬೇಡಿ. ಅದರ ಮುಚ್ಚಳವನ್ನೂ ನಂಬಬೇಡಿ. ಮುಚ್ಚಳದೊಳಗಿನ ರಬ್ಬರ್ ಬಿಲ್ಲೆಯಿಂದ ನೀರಿಗೆ ಸತು ಇಳಿಯುತ್ತದೆ. ಸ್ವಲ್ಪ ಆಮ್ಲ ಹಾಕಿಡದಿದ್ದರೆ ನೀರಿನಲ್ಲಿದ್ದ ಸೀಸ ಬಾಟಲಿಯ ಗೋಡೆಗೆ ಅಂಟಿ ಕೂರುತ್ತದೆ; ನೀವು ಪರೀಕ್ಷಿಸುವ ಹೊತ್ತಿಗೆ ನೀರು ಶುದ್ಧವಾಗಿರುತ್ತದೆ, ಬಾಟಲಿ ಕೆಟ್ಟಿರುತ್ತದೆ. ಬಾಟಲಿ ತೊಳೆದವರು ಯಾರು, ನೀರು ತುಂಬಿದವರು ಯಾರು, ತರುವಾಗ ದಾರಿಯಲ್ಲಿ ಎಲ್ಲಿ ಬಿಸಿಲಿಗಿಟ್ಟಿದ್ದರು, ಇಷ್ಟನ್ನು ಕೇಳಿಕೊಂಡ ಮೇಲೆ ಮುಚ್ಚಳ ತೆಗೆಯಿರಿ.

ನಾನು ಮೈಸೂರಿನ ಒಂದು ನೀರು ಪರೀಕ್ಷೆಯ ಪ್ರಯೋಗಾಲಯಕ್ಕೆ ಕೆಮಿಸ್ಟ್ ಆಗಿ ಸೇರಿ ಅಲ್ಲಿಯೇ ನಿವೃತ್ತಳಾದವಳು. ಪ್ರಯೋಗಾಲಯದ ಹೆಸರು ಬೇಡ. ನನಗೆ ಸಿಕ್ಕ ಬಡ್ತಿಗಳ ಪಟ್ಟಿಯೂ ಬೇಡ, ಅದನ್ನು ಓದಿ ಯಾರಿಗೂ ಕೆಲಸ ಬರುವುದಿಲ್ಲ. ಸಿದ್ಧಾರ್ಥನಗರದ ಮನೆಯಿಂದ ಬೆಳಗ್ಗೆ ನಡೆದು ಹೋಗುತ್ತಿದ್ದೆ. ಹೋದ ತಕ್ಷಣ ನನ್ನ ಗಾಜಿನ ಸಾಮಾನುಗಳನ್ನು ನೈಟ್ರಿಕ್ ಆಮ್ಲದಲ್ಲಿ ನಾನೇ ನೆನೆಹಾಕಿ ತೊಳೆಯುತ್ತಿದ್ದೆ. ಬೇರೆಯವರು ತೊಳೆದದ್ದನ್ನು ಮುಟ್ಟುತ್ತಿರಲಿಲ್ಲ. ಜಂಬ ಎಂದು ಕೆಲವರು ಆಡಿಕೊಂಡರು. ಆಡಿಕೊಳ್ಳಲಿ ಎಂದು ಬಿಟ್ಟೆ. ಕಾಫಿ ಕುಡಿದ ಲೋಟವನ್ನು ಬೀಕರಿನ ಪಕ್ಕದಲ್ಲಿಡುವವರು ಆಡಿಕೊಂಡ ಮಾತು ಅದು.

ನಮ್ಮ ಚೀಫ್ ಕೆಮಿಸ್ಟ್ ಶ್ರೀಕಂಠಯ್ಯನವರು. ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ, ಹಣೆಯಲ್ಲಿ ತೆಳುವಾದ ವಿಭೂತಿ, ಸೊಂಟದಲ್ಲಿ ಬೀಗದ ಕೈ ಗೊಂಚಲು. ಅವರ ಪದ್ಧತಿ ಹೀಗಿತ್ತು. ಬಂದ ಬಾಟಲಿಯ ಚೀಟಿಯನ್ನು ತಾವೇ ಕಿತ್ತು ಬರಿಯ ಸಂಖ್ಯೆ ಅಂಟಿಸುವರು. ಯಾವ ಊರ ನೀರು, ಯಾವ ಕಾರ್ಖಾನೆಯದು ಎಂದು ಪರೀಕ್ಷೆ ಮಾಡುವವರಿಗೆ ತಿಳಿಯಬಾರದು. ನಡುವೆ ತಾವೇ ತಯಾರಿಸಿದ ಒಂದು ಬಾಟಲಿಯನ್ನು ಸೇರಿಸಿಬಿಡುವರು. ಅದರಲ್ಲಿ ಎಷ್ಟು ತಾಮ್ರ ಹಾಕಿದೆಯೆಂದು ಅವರಿಗೆ ಮಾತ್ರ ಗೊತ್ತು. ನಿಮ್ಮ ಉತ್ತರ ಅದಕ್ಕೆ ಹೊಂದದಿದ್ದರೆ ಕೋಣೆಗೆ ಕರೆಸುವರು. ಕೂರಿಸುತ್ತಿರಲಿಲ್ಲ.

"ಇದು ಯಂತ್ರದ ತಪ್ಪೋ, ನಿಮ್ಮ ತಪ್ಪೋ, ಇಲ್ಲ ಯಾರಾದರೂ ಹೇಳಿ ಮಾಡಿಸಿದ್ದೋ?" ಎನ್ನುವರು. ಈ ಮೂರರ ಹೊರಗೆ ನಾಲ್ಕನೆಯದೊಂದು ಇರಬಹುದೆಂದು ಅವರ ಮುಂದೆ ಹೇಳುವುದು ಸುಲಭವಾಗಿರಲಿಲ್ಲ.

ಅಂಥ ನಾಲ್ಕನೆಯ ಕಾರಣ ನನಗೆ ಮೊದಲು ಸಿಕ್ಕಿದ್ದು ಕೆರೆಯ ನೀರಿನಲ್ಲಿ. ಆಗ ಉಳಿದವರದು ನೀರನ್ನು ಇಂಗಿಸಿ ಅಳೆಯುವ ಹಳೆಯ ಪದ್ಧತಿ, ನಾನು ರೆಸಿನ್ ಬಳಸುತ್ತಿದ್ದೆ. ಸಾಸಿವೆ ಕಾಳಿನಂಥ ಸಣ್ಣ ಮಣಿಗಳು, ಕೃತಕ ಪಾಲಿಮರ್‌ನಿಂದ ಮಾಡಿದವು. ಆ ಪಾಲಿಮರ್‌ನ ಉದ್ದನೆಯ ಸರಪಣಿಗೆ ಅಲ್ಲಲ್ಲಿ ಕೊಕ್ಕೆಗಳಿದ್ದಂತೆ ಆಮ್ಲದ ಗುಂಪುಗಳಿರುತ್ತವೆ. ಗಾಜಿನ ಕೊಳವೆಯಲ್ಲಿ ಮಣಿ ತುಂಬಿ ಮೇಲಿನಿಂದ ನೀರು ಬಿಟ್ಟರೆ, ನೀರಿನಲ್ಲಿರುವ ತಾಮ್ರದ ಅಯಾನು ಕೊಕ್ಕೆಗೆ ಸಿಕ್ಕಿಕೊಳ್ಳಬೇಕು. ಆಮೇಲೆ ಸ್ವಲ್ಪವೇ ಆಮ್ಲದಿಂದ ಅದನ್ನು ಬಿಡಿಸಿ ಅಳೆಯುವುದು. ಶ್ರೀಕಂಠಯ್ಯನವರು ಗುಟ್ಟಾಗಿ ಇಡುತ್ತಿದ್ದ ಬಾಟಲಿಗಳಲ್ಲಿ ನನ್ನ ಲೆಕ್ಕ ಒಮ್ಮೆಯೂ ತಪ್ಪಲಿಲ್ಲ. ಕೆರೆಯ ನೀರಿನಲ್ಲಿ ಮಾತ್ರ ನನ್ನ ತಾಮ್ರ ಬೇರೆಯವರ ತಾಮ್ರಕ್ಕಿಂತ ಕಡಿಮೆ ಬರುತ್ತಿತ್ತು.

ಕರೆಸಿದರು. "ಕೆರೆ ಪಕ್ಕದ ಲೇಔಟಿನವರು ಯಾರಾದರೂ ಪರಿಚಯವೋ?" ಎಂದು ಕೇಳಿದರು.

"ಸಂಖ್ಯೆ ಮಾತ್ರ ಇತ್ತು ಸರ್. ಕೆರೆ ನೀರು ಅಂತ ನನಗೆ ಹೇಗೆ ಗೊತ್ತಾಗಬೇಕು?"

"ಬಣ್ಣ ನೋಡಿದರೆ ಗೊತ್ತಾಗುತ್ತಲ್ಲ."

ಅದು ನಿಜ. ಆ ನೀರಿಗೆ ತೆಳುವಾದ ಡಿಕಾಕ್ಷನ್ನಿನ ಬಣ್ಣವಿತ್ತು. ಅವರು ಅನುಮಾನದಿಂದ ಆಡಿದ ಆ ಮಾತಿನಲ್ಲಿಯೇ ನನಗೆ ಉತ್ತರ ಸಿಕ್ಕಿತು. ಎಲೆ, ಜೊಂಡು, ಪಾಚಿ ಕೊಳೆತು ನೀರಿಗೆ ಬಿಡುವ ಕಂದು ಬಣ್ಣದ ಆಮ್ಲವನ್ನು ಹ್ಯೂಮಿಕ್ ಆಮ್ಲ ಎನ್ನುತ್ತೇವೆ. ಅದರ ಒಂದೊಂದು ಅಣುವಿಗೂ ಹಲವು ಕೈಗಳು. ಕೆರೆಯಲ್ಲಿ ತಾಮ್ರ ಒಂಟಿಯಾಗಿ ತಿರುಗುವುದಿಲ್ಲ, ಈ ಕೈಗಳಲ್ಲಿ ಸಿಕ್ಕಿಕೊಂಡಿರುತ್ತದೆ. ಹಾಗೆ ಸಿಕ್ಕಿಕೊಂಡದ್ದರಲ್ಲಿ ಬಹುಪಾಲು ನನ್ನ ಮಣಿಗಳ ನಡುವೆ ಆ ಹ್ಯೂಮಿಕ್ ಆಮ್ಲದ ಜೊತೆಗೇ ನುಸುಳಿ ಕೆಳಗಿಳಿದುಹೋಗುತ್ತಿತ್ತು. ಚೀಫ್ ಅವರ ಗುಟ್ಟಿನ ಬಾಟಲಿಗಳಾದರೋ ಬಟ್ಟಿ ಇಳಿಸಿದ ನೀರಿನಲ್ಲಿ ಮಾಡಿದವು. ಅದರಲ್ಲಿ ತಾಮ್ರವನ್ನು ಹಿಡಿದಿಡುವವರು ಯಾರೂ ಇಲ್ಲ. ಪರೀಕ್ಷೆಯನ್ನು ಪರೀಕ್ಷಿಸುವ ನೀರೇ ಬೇರೆಯಾಗಿತ್ತು.

ಅದೇ ನೀರನ್ನು ಗಟ್ಟಿ ಆಮ್ಲದಲ್ಲಿ ಕುದಿಸಿ, ಆ ಕಂದು ಬಣ್ಣವೆಲ್ಲ ಸುಟ್ಟು ಹೋದ ಮೇಲೆ ಅಳೆದು ತೋರಿಸಿದೆ. ತಾಮ್ರ ಪೂರ್ತಿ ಬಂತು. ಶ್ರೀಕಂಠಯ್ಯನವರು ಅರ್ಧ ದಿನ ನನ್ನ ಹಿಂದೆ ನಿಂತು ನೋಡಿದರು, ಮತ್ತೆ ಇನ್ನೊಬ್ಬರ ಕೈಯಲ್ಲಿ ಮಾಡಿಸಿ ನೋಡಿದರು, ಆಮೇಲೆ ಕುದಿಸುವುದನ್ನು ನಿಯಮ ಮಾಡಿದರು. ಈಗ ಒಂದೇ ಸಲಕ್ಕೆ ಹತ್ತಾರು ಲೋಹ ಹೇಳುವ ಯಂತ್ರ ಬಂದಿದೆ. ಹೊಸಬರು ಕುದಿಸುವುದಕ್ಕೆ ಬೇಸರಪಟ್ಟು ನೇರವಾಗಿ ನೀರನ್ನು ಅದರ ಬಾಯಿಗೆ ಕೊಡುವುದನ್ನು ನಾನು ನೋಡಿದ್ದೇನೆ. ಯಂತ್ರ ಬೇಡವೆನ್ನುವುದಿಲ್ಲ, ಏನೋ ಒಂದು ಅಂಕಿ ಕೊಡುತ್ತದೆ.

ಇನ್ನು ಗೌರಮ್ಮನವರ ಪ್ರಕರಣ. ಅದಕ್ಕಾಗಿಯೇ ಇದನ್ನೆಲ್ಲ ಬರೆಯಲು ಕೂತದ್ದು.

ಗೌರಮ್ಮನವರದು ರಾಜೀವನಗರದ ಆಚೆಗೆ ಹಿತ್ತಾಳೆ ಪಾಲಿಷ್ ಮಾಡುವ ಒಂದು ಕಾರ್ಖಾನೆ. ದೀಪದ ಕಂಬ, ಗಂಟೆ, ಕೊಳಗ, ಮಠಗಳ ಮತ್ತು ಮದುವೆ ಛತ್ರಗಳ ಪಾತ್ರೆ, ಎಲ್ಲ ಕಪ್ಪಾಗಿ ಬಂದು ಹೊಳೆಯುತ್ತ ಹೋಗುತ್ತಿದ್ದವು. ಗಂಡ ತೀರಿಕೊಂಡ ಮೇಲೆ ಅವರೇ ನಡೆಸುತ್ತಿದ್ದರು. ಹತ್ತಿಪ್ಪತ್ತು ಹೆಂಗಸರು ಕೆಲಸಕ್ಕಿದ್ದರು. ಹಿತ್ತಾಳೆ ತೊಳೆದ ನೀರಿನಲ್ಲಿ ತಾಮ್ರವಿರುತ್ತದೆ, ಅದನ್ನು ಹಾಗೆಯೇ ಚರಂಡಿಗೆ ಬಿಡುವಂತಿಲ್ಲ. ಒಂದು ತೊಟ್ಟಿಯಲ್ಲಿ ಆ ನೀರನ್ನು ನಿಲ್ಲಿಸಿ ಕಾಸ್ಟಿಕ್ ಸೋಡಾ ಹಾಕಬೇಕು. ತಾಮ್ರ ನೀಲಿ ಬಗ್ಗಡವಾಗಿ ತಳಕ್ಕೆ ಕೂರುತ್ತದೆ, ಮೇಲಿನ ತಿಳಿಯನ್ನು ಹೊರಗೆ ಬಿಡಬಹುದು. ಹಾಗೆ ಬಿಡುವ ನೀರನ್ನು ಇಲಾಖೆಯ ಪರವಾಗಿ ನಾವು ಆಗಾಗ ತಂದು ನೋಡಬೇಕು. ಮಿತಿ ಮೀರಿದರೆ ಪರವಾನಗಿ ಹೋಗುತ್ತದೆ.

ನೀರು ತರುವವನು ಮಹದೇವು. ಜೀಪು ಓಡಿಸುವುದೂ ಅವನೇ, ಬಾಟಲಿ ತುಂಬಿ ಅರಗು ಹಾಕುವುದೂ ಅವನೇ. ವರುಣಾ ಕಡೆಯ ಹಳ್ಳಿಯ ಒಕ್ಕಲು ಮನೆತನದವನು. ಅವನ ಕೆಲಸ ಕಾಯಮ್ಮಾಗಿರಲಿಲ್ಲ, ವರ್ಷ ವರ್ಷವೂ ಚೀಫ್ ಅವರ ರುಜುವಿನ ಮೇಲೆ ಮುಂದುವರಿಯುತ್ತಿತ್ತು. ಮಗಳು ನರ್ಸಿಂಗ್ ಓದುತ್ತಿದ್ದಳು. ಗೌರಮ್ಮನವರ ತವರೂ ಅವನ ಊರೂ ಒಂದೇ. ಕಾರ್ಖಾನೆಗೆ ಹೋದಾಗಲೆಲ್ಲ ಇಬ್ಬರೂ ಊರಿನ ಸುದ್ದಿ ಆಡುತ್ತಿದ್ದರು. ಅದನ್ನು ಅವನು ಮುಚ್ಚಿಟ್ಟವನಲ್ಲ. ಪ್ರಯೋಗಾಲಯಕ್ಕೆ ಬಂದು ಅವನೇ ನಮಗೆ, "ಅಕ್ಕ ಇವತ್ತು ಒತ್ತು ಶ್ಯಾವಿಗೆ ಮಾಡಿತ್ತು ಮೇಡಂ, ಬೇಡಾಂದ್ರೂ ಬುಡ್ನಿಲ್ಲ" ಎಂದು ಹೇಳುತ್ತಿದ್ದ. ಶ್ರೀಕಂಠಯ್ಯನವರು ಕೇಳಿಸಿಕೊಂಡು ಸುಮ್ಮನಿರುತ್ತಿದ್ದರು. ಅವರು ಸುಮ್ಮನಿದ್ದರೆ ಲೆಕ್ಕ ಇಟ್ಟುಕೊಳ್ಳುತ್ತಿದ್ದಾರೆ ಎಂದರ್ಥ.

ಹಿಂದಿನ ದಿನ ಫೋನ್ ಮಾಡಿ, ನಾಳೆ ಬರುತ್ತೇವೆ ಎಂದು ಹೇಳಿ ಹೋಗುವುದು ರೂಢಿ. ಇಲ್ಲವಾದರೆ ತೊಟ್ಟಿಯಿಂದ ನೀರು ಹರಿಯುತ್ತಿರುವುದಿಲ್ಲ, ಜೀಪು ಸುಮ್ಮನೆ ವಾಪಸು ಬರಬೇಕಾಗುತ್ತದೆ. ಹಲವು ವರ್ಷ ಗೌರಮ್ಮನವರ ನೀರು ಸರಿಯಾಗಿಯೇ ಇತ್ತು. ಆಮೇಲೆ ಕೆಟ್ಟಿತು. ಒಂದು ಸಲ, ಎರಡು ಸಲ, ಹೋದಾಗಲೆಲ್ಲ ತಾಮ್ರ ಮಿತಿಗಿಂತ ಬಹಳ ಮೇಲೆ. ನೀರು ನೋಡುವುದಕ್ಕೆ ಕೆಟ್ಟಿರಲಿಲ್ಲ. ತಿಳಿಯಾಗಿ, ನವಿಲಿನ ಕತ್ತಿನಂಥ ನೀಲಿಯಾಗಿತ್ತು; ಚೀಟಿ ಕಿತ್ತಿದ್ದರೂ ಆ ಬಣ್ಣದಿಂದಲೇ ಗುರುತಾಗುತ್ತಿತ್ತು. ಲಿಟ್ಮಸ್ ಕಾಗದ ಅದ್ದಿದರೆ ಸೋಡಾ ಬಿದ್ದಿರುವುದು ಖಚಿತ. ತೊಟ್ಟಿಯ ತಳದಲ್ಲಿ ಮಾತ್ರ ಬಗ್ಗಡವಿಲ್ಲ.

"ಬಗ್ಗಡ ಇಲ್ಲ ಅಂದರೆ ಸೋಡಾ ಹಾಕುತ್ತಿಲ್ಲ," ಎಂದರು ಶ್ರೀಕಂಠಯ್ಯನವರು.

"ಹಾಕಿದೆ ಅಂತ ಲಿಟ್ಮಸ್ ಕಾಗದ ಹೇಳುತ್ತೆ ಸರ್."

"ನೀವು ಗೇಟಿನ ಹತ್ತಿರ ಬಂದಾಗ ಒಂದು ಬಕೆಟ್ಟು ಸುರಿದಿರುತ್ತಾರೆ. ಕಾಗದಕ್ಕೆ ಅಷ್ಟು ಸಾಕು."

ಗೌರಮ್ಮನವರನ್ನು ಕರೆಸಿ ಎಚ್ಚರಿಕೆ ಕೊಟ್ಟದ್ದಾಯಿತು. ಆಕೆ ಯಾರದೋ ಮಾತು ಕೇಳಿ ಪಾಲಿಮರ್ ಪುಡಿ ಮಾರುವವನನ್ನು ಹಿಡಿದರು. ಆ ಪುಡಿಯೂ ನನ್ನ ರೆಸಿನ್ನಿನ ದಾಯಾದಿಯೇ. ನೀರಿನಲ್ಲಿ ಕರಗಿ ಉದ್ದನೆಯ ಎಳೆಗಳಾಗುತ್ತದೆ, ಆ ಎಳೆಗಳು ತಾಮ್ರದ ಸಣ್ಣ ಸಣ್ಣ ಕಣಗಳನ್ನು ಒಟ್ಟುಗೂಡಿಸಿ ಕೆಳಗೆಳೆಯುತ್ತವೆ. ಮಾರುವವನು ನಮ್ಮ ಪ್ರಯೋಗಾಲಯಕ್ಕೇ ಬಂದು, ತಾಮ್ರದ ಲವಣವಾದ ಮೈಲುತುತ್ತದ ನೀರಿಗೆ ಸೋಡಾ ಹಾಕಿ, ಪುಡಿ ಬೆರೆಸಿ ತೋರಿಸಿದ. ಮೊಸರು ಒಡೆದಂತೆ ನೀಲಿ ಉಂಡೆಗಳು ದಬದಬನೆ ಇಳಿದವು. ಗೌರಮ್ಮನವರ ತೊಟ್ಟಿಯಲ್ಲಿ ಅದೇ ಪುಡಿ ಏನೂ ಮಾಡಲಿಲ್ಲ. ನೀರು ತುಸು ಲೋಳೆಯಾಯಿತು, ನೀಲಿ ನೀಲಿಯಾಗಿಯೇ ಉಳಿಯಿತು. ಎಳೆಗಳಿಗೆ ಹಿಡಿದುಕೊಳ್ಳಲು ಒಂದು ಕಣವಾದರೂ ಬೇಕು. ಅಲ್ಲಿ ಕಣವೇ ಇರಲಿಲ್ಲ, ತಾಮ್ರವೆಲ್ಲ ಕರಗಿಯೇ ಇತ್ತು. ಕರಗಿ ಏಕಿದೆ ಎಂದು ನಾನು ಕೇಳಿಕೊಳ್ಳುವ ಮೊದಲೇ ಶ್ರೀಕಂಠಯ್ಯನವರು ಪುಡಿಯನ್ನೂ ಹಾಕುತ್ತಿಲ್ಲ ಎಂದು ತೀರ್ಮಾನಿಸಿದ್ದರು.

"ಇನ್ನು ಮೇಲೆ ಹೇಳದೆ ಹೋಗಿ," ಎಂದರು.

ಮಹದೇವು ಹೇಳದೆ ಹೋಗಿ ನೀರು ತಂದ. ತಾಮ್ರ ಮಿತಿಯೊಳಗಿತ್ತು.

ಮತ್ತೆ ಒಂದು ಸಲ ಹೇಳಿ ಹೋದ. ಮಿತಿ ಮೀರಿತ್ತು. ಅದಾದ ಮೇಲೆ ಹೇಳದೆ ಹೋಗುವಾಗ ನಾನೂ ಜೊತೆಗೆ ಹೋದೆ. ಅಂಗಳದ ತುಂಬ ಕಪ್ಪು ಪಾತ್ರೆಗಳು ಹರಡಿದ್ದವು. ಹೆಂಗಸರ ಕೈ ಮೊಣಕೈವರೆಗೂ ಮಸಿ. ಗೌರಮ್ಮನವರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡೇ ಓಡಿಬಂದರು.

"ಒಂದು ಮಾತು ಫೋನ್ ಮಾಡ್ಬಾರ್ದಿತ್ತಾ ಮೇಡಂ? ನೋಡಿ, ಎಲ್ಲಾ ಎಂಗೆ ಬಿದ್ದದೆ. ಕೂರಕ್ಕೊಂದು ಕುರ್ಚಿನೂ ಒರೆಸಿಲ್ಲ. ನಿಮ್ಮುಂದೆ ಮಾನ ಹೋಯ್ತು ಕಣ್ರೀ."

ಆಕೆಯ ನಾಚಿಕೆ ನಾಟಕವಾಗಿರಲಿಲ್ಲ ಎಂದು ನನಗೆ ತೋರಿತು. ಆದರೂ ಖಚಿತವೆಂದು ಬಗೆಯಲಿಲ್ಲ. ತೊಟ್ಟಿಯಲ್ಲಿ ಇಣುಕಿದೆ. ತಳದಲ್ಲಿ ನೀಲಿ ಬಗ್ಗಡ ಚೆನ್ನಾಗಿಯೇ ಕೂತಿತ್ತು. ನೀರು ತಂದು ಕುದಿಸಿ ಅಳೆದೆ. ಮಿತಿಯೊಳಗೆ.

ಶ್ರೀಕಂಠಯ್ಯನವರು ನನ್ನ ಹಾಳೆಯನ್ನು ಓದಿ ಮಡಚಿ ಮೇಜಿನ ಮೇಲಿಟ್ಟರು.

"ಹೇಳಿ ಹೋದಾಗ ಕೆಟ್ಟಿದೆ. ಯಾಕೆ ಅಂದರೆ ಆಯಮ್ಮನಿಗೆ ಯಾರ ಭಯವೂ ಇಲ್ಲ. ಹೇಳದೆ ಹೋಗಲು ಶುರು ಮಾಡಿದ್ದೇವೆ ಅಂತ ತಿಳಿದ ಮೇಲೆ ಭಯ ಬಂತು. ಈಗ ಹೇಳದೆ ಹೋದಾಗೆಲ್ಲ ಚೆನ್ನಾಗಿದೆ. ಯಾಕೆ? ನಾವು ಹೊರಡುವುದು ಆಕೆಗೆ ಮೊದಲೇ ಗೊತ್ತಾಗುತ್ತಿದೆ. ಯಾರು ಹೇಳುತ್ತಾರೆ? ಜೀಪು ಓಡಿಸುವವನು ಯಾರು? ಶ್ಯಾವಿಗೆ ತಿಂದವನು ಯಾರು?"

ನಾನು, ಗೊತ್ತಿದ್ದರೆ ಆಕೆ ಅಂಗಳ ಹಾಗೆ ಬಿಟ್ಟಿರುತ್ತಿರಲಿಲ್ಲ ಎಂದೆ. ಅದೂ ತೋರಿಕೆ ಎಂದರು. ಅನುಮಾನ ಆ ಹದಕ್ಕೆ ಬಂದ ಮೇಲೆ ಯಾವ ಪುರಾವೆ ಕೊಟ್ಟರೂ ಅದು ತನ್ನ ಕಡೆಗೇ ಎಳೆದುಕೊಳ್ಳುತ್ತದೆ. ಅವರನ್ನು ನಾನು ದೂರುತ್ತಿಲ್ಲ. ಅಂಥ ಅನುಮಾನದಿಂದಲೇ ನಮ್ಮ ವರದಿಗಳಿಗೆ ಒಂದು ಬೆಲೆ ಇತ್ತು. ಮಹದೇವುವಿಗೆ ಎಕ್ಸ್‌ಪ್ಲನೇಷನ್ ಕೇಳುವ ಕಾಗದ ಟೈಪಾಯಿತು. ತಕ್ಕ ಉತ್ತರ ಬರದಿದ್ದರೆ ಮುಂದಿನ ವರ್ಷಕ್ಕೆ ಮುಂದುವರಿಸುವವರ ಪಟ್ಟಿಯಲ್ಲಿ ಅವನ ಹೆಸರು ಹೋಗುವುದಿಲ್ಲ ಎಂದು ಬಾಯಲ್ಲಿ ಹೇಳಿದರು.

ಮಹದೇವು ಆ ಕಾಗದ ಹಿಡಿದು ನನ್ನ ಮೇಜಿನ ಹತ್ತಿರ ಬಂದ.

"ಏನಂತ ಬರೀಲಿ ಮೇಡಂ? ಮಾಡಿಲ್ಲ ಅಂತ ಬರುದ್ರೆ ಮಾಡಿದೋನೂ ಅಂಗೇ ಅಲ್ವಾ ಬರೆಯೋದು?"

"ನಿಜವಾಗಿ ಹೇಳು. ಫೋನ್ ಮಾಡಿದ್ದೀಯಾ?"

"ನೀವೂ ಕೇಳ್ತಿದೀರಲ್ಲ." ಕಾಗದವನ್ನು ಮಡಚಿ ಜೇಬಿಗಿಟ್ಟ. "ಸಾಯೇಬ್ರೇ ಫೋನ್ ಮಾಡಿ ಯೋಳ್ದಾಗ ನೀರು ಕೆಟ್ಟೋಯ್ತದೆ. ಯೋಳ್ದೆ ಓದ್ರೆ ಚೆಂದಾಗಿರ್ತದೆ. ಅಂಗಿದ್ ಮೇಲೆ ನಾನು ಯೋಳಿ ಅವ್ರಿಗೆ ಏನ್ ಲಾಭ ಮೇಡಂ? ಯೋಳಿದ್ರೆ ಕೆಡ್ಬೇಕಲ್ಲ."

ಅವನು ಸಂಕಟಕ್ಕೆ ಆಡಿದ ಮಾತು ಅದು. ನನಗೆ ಮಾತ್ರ ಮನೆಗೆ ಹೋದ ಮೇಲೂ ಬಿಡಲಿಲ್ಲ. ನಾವೆಲ್ಲ ಹೇಳದೆ ಹೋದ ದಿನದ ನೀರು ಏಕೆ ಚೆನ್ನಾಗಿದೆ ಎಂದು ತಲೆಕೆಡಿಸಿಕೊಂಡಿದ್ದೆವು. ಹೇಳಿ ಹೋದ ದಿನ ಏಕೆ ಕೆಡುತ್ತದೆ ಎಂದು ಯಾರೂ ಕೇಳಿರಲಿಲ್ಲ. ಕೆಡುವುದಕ್ಕೆ ಕಾರಣ ಬೇಕಿಲ್ಲ ಎಂದುಕೊಂಡಿದ್ದೆವು.

ಮುಂದಿನ ಸರದಿ ಬಂತು. ಫೋನ್ ಮಾಡಿ, ಹನ್ನೊಂದಕ್ಕೆ ಬರುತ್ತೇವೆ ಎಂದು ಶ್ರೀಕಂಠಯ್ಯನವರೇ ಹೇಳಿದರು. ನಾನು ಅವರ ಅನುಮತಿ ಕೇಳಿ, ಮಹದೇವುವನ್ನು ಕರೆದುಕೊಂಡು ಒಂಬತ್ತಕ್ಕೇ ಹೊರಟೆ. ಗೌರಮ್ಮನವರ ಗೇಟು ತೆರೆದೇ ಇತ್ತು. ಒಳಗೆ ಹಬ್ಬದ ಹಿಂದಿನ ದಿನದ ಸಡಗರ. ಪಾತ್ರೆಗಳನ್ನೆಲ್ಲ ಗೋಡೆ ಬದಿಗೆ ಜೋಡಿಸಿದ್ದರು. ಒಬ್ಬಳು ಅಂಗಳಕ್ಕೆ ನೀರು ಚಿಮುಕಿಸುತ್ತಿದ್ದಳು. ಇಬ್ಬರು ಹೆಂಗಸರು ಸೇರಿ ದೊಡ್ಡ ಪ್ಲಾಸ್ಟಿಕ್ ಡ್ರಮ್ಮೊಂದನ್ನು ಬಗ್ಗಿಸಿ, ಅದರೊಳಗಿನ ಕಂದು ಹಸಿರು ನೀರನ್ನು ತೊಟ್ಟಿಗೆ ಹೋಗುವ ಕಾಲುವೆಗೆ ಸುರಿಯುತ್ತಿದ್ದರು. ಅದರ ಪಕ್ಕದಲ್ಲಿ ಆಗಲೇ ತೊಳೆದ ಇನ್ನೂ ಎರಡು ಡ್ರಮ್ಮು ಬೋರಲಾಗಿ ಬಿಸಿಲಿಗೆ ಬಿದ್ದಿದ್ದವು.

"ಅದೇನು ಗೌರಮ್ಮನವರೇ, ಅವರು ಚೆಲ್ಲುತ್ತಿರುವುದು?"

"ಅಯ್ಯೋ, ಇಷ್ಟ್ ಬೇಗ ಬಂದ್ಬುಟ್ರಾ? ಹನ್ನೊಂದ್ ಗಂಟೆ ಅಂದ್ರು ಸಾಹೇಬ್ರು." ಆಕೆ ಕೈ ಒರೆಸಿಕೊಂಡರು. "ಹುಣಸೇ ನೀರು ಮೇಡಂ. ಪಾತ್ರೆ ನೆನೆಹಾಕೋದು. ಗಬ್ಬು ವಾಸನೆ ಹೊಡೀತದೆ, ನೀವು ಬಂದಾಗ ಇರ್ಬಾರ್ದು ಅಂತ ಚೆಲ್ಲಿ ಡ್ರಮ್ಮು ತೊಳಿಸ್ಬುಡ್ತೀನಿ."

"ಆಸಿಡ್ ಅಲ್ಲವೇ ನೀವು ಬಳಸುವುದು? ನಮ್ಮ ಕಡತದಲ್ಲಿ ಹಾಗಿದೆ."

"ಆಸಿಡ್ ಬಿಟ್ಟು ಎಷ್ಟು ದಿನ ಆಯ್ತು. ಅಕ್ಕಪಕ್ಕದೋರು ಕೆಮ್ತಾರೆ. ಮಠದೋರೂ, ದೇವರ ಪಾತ್ರೆಗೆ ಆಸಿಡ್ ಹಾಕ್ಬೇಡ್ರಮ್ಮ ಅಂದ್ರು. ಪುಳಿಯೋಗರೆ ಗೊಜ್ಜು ಮಾಡೋ ಫ್ಯಾಕ್ಟ್ರಿ ಇದೆಯಲ್ಲ ಆ ಕಡೆ, ಅಲ್ಲಿ ಹಿಂಡಿ ಬಿಟ್ಟ ಹುಣಸೇಹಣ್ಣು ಸಿಗ್ತದೆ. ಅದನ್ನೇ ತರಿಸ್ತೀನಿ."

"ಇದನ್ನು ನಮಗೆ ಯಾಕೆ ಹೇಳಲಿಲ್ಲ?"

"ಏನು ಕೆಮಿಕಲ್ ಹಾಕ್ತೀರಿ ಅಂತ ಕೇಳಿದ್ರಿ. ಹುಣಸೇಹಣ್ಣು ಕೆಮಿಕಲ್ಲಾ ಮೇಡಂ? ನೀವು ಸಾರಿಗೆ ಹಾಕಲ್ವಾ?"

"ನಾವು ಬರದ ದಿನ ಈ ನೀರನ್ನು ಏನು ಮಾಡುತ್ತೀರಿ?"

"ಏನೂ ಮಾಡಲ್ಲ. ಅದರಲ್ಲೇ ಮತ್ತೆ ಮತ್ತೆ ಅದ್ದೋದು. ಕಮ್ಮಿಯಾದ್ರೆ ಮೇಲೆ ಹಾಕೋದು. ಚೆಲ್ಲಿ ದಂಡ ಯಾಕ್ಮಾಡ್ಲಿ? ನೀವು ಬರ್ತೀರಿ ಅಂದಾಗ ಮಾತ್ರ ಚೆಲ್ಲಿಸ್ತೀನಿ."

ಮಹದೇವು ನನ್ನ ಹಿಂದೆ ನಿಂತು ಇದನ್ನೆಲ್ಲ ಕೇಳುತ್ತಿದ್ದ. ಅವನಿಗೆ ರಸಾಯನಶಾಸ್ತ್ರ ತಿಳಿಯದಿದ್ದರೂ ನನ್ನ ಮುಖ ತಿಳಿದಿರಬೇಕು. ಮುಂದೆ ಬಂದು, "ಮೇಡಂ, ಈ ಡ್ರಮ್ಮಿಂದೂ ಒಂದು ಬಾಟ್ಲಿ ತುಂಬ್ಕೊಳ್ಲಾ?" ಎಂದ. ತುಂಬಿಕೊಂಡೆವು.

ಹುಣಸೇಹಣ್ಣಿನ ಹುಳಿ ಟಾರ್ಟಾರಿಕ್ ಆಮ್ಲ. ಇದು ಪಿಯುಸಿ ಓದಿದ ಎಲ್ಲರಿಗೂ ಗೊತ್ತು. ಅದರ ಅಣುವಿನಲ್ಲಿ ತಾಮ್ರವನ್ನು ಎರಡು ಮೂರು ಕಡೆಯಿಂದ ಹಿಡಿದುಕೊಳ್ಳುವ ಕೈಗಳಿವೆ. ಹಾಗೆ ಹಿಡಿದ ತಾಮ್ರದ ಮೇಲೆ ಎಷ್ಟು ಕಾಸ್ಟಿಕ್ ಸೋಡಾ ಸುರಿದರೂ ಅದು ಬಗ್ಗಡವಾಗುವುದಿಲ್ಲ. ತಿಳಿಯಾದ ಗಾಢ ನೀಲಿಯಾಗಿ ನಿಲ್ಲುತ್ತದೆ. ಸಕ್ಕರೆ ಕಂಡುಹಿಡಿಯುವ ನೀಲಿ ದ್ರಾವಣವನ್ನು ಕಾಲೇಜಿನಲ್ಲಿ ಮಾಡುವುದು ಇದೇ ಉಪಾಯದಿಂದ. ನಾವೆಲ್ಲ ಅದನ್ನು ಕೈಯಾರೆ ಮಾಡಿ ಅಂಕ ತೆಗೆದವರು. ದಿನವೂ ಪಾತ್ರೆಯ ಜೊತೆ ತೊಟ್ಟಿಗೆ ಹೋಗುತ್ತಿದ್ದ ಹುಳಿ ಸ್ವಲ್ಪ, ಆದ್ದರಿಂದ ಸೋಡಾ ತನ್ನ ಕೆಲಸ ಮಾಡುತ್ತಿತ್ತು. ನಮಗೆ ಮರ್ಯಾದೆ ತೋರಿಸಲು ಡ್ರಮ್ಮುಗಳನ್ನು ಖಾಲಿ ಮಾಡಿದ ದಿನ ಹುಳಿಯೂ ಅದು ತಿಂದುಕೊಂಡಿದ್ದ ತಾಮ್ರವೂ ಒಟ್ಟಿಗೆ ತೊಟ್ಟಿಗೆ ಬರುತ್ತಿದ್ದವು. ಸೋಡಾ ಸೋಲುತ್ತಿತ್ತು, ಮೊದಲೇ ತಳದಲ್ಲಿ ಕೂತಿದ್ದ ಬಗ್ಗಡವೂ ಕರಗುತ್ತಿತ್ತು, ಪಾಲಿಮರ್ ಪುಡಿಗೆ ಹಿಡಿಯಲು ಏನೂ ಸಿಗುತ್ತಿರಲಿಲ್ಲ.

ಶ್ರೀಕಂಠಯ್ಯನವರ ಮೇಜಿನ ಮೇಲೆ ಎರಡು ಬೀಕರು ಇಟ್ಟೆ. ಎರಡರಲ್ಲೂ ಮೈಲುತುತ್ತದ ನೀರು. ಒಂದಕ್ಕೆ ಸೋಡಾ ಹಾಕಿದೆ, ನೀಲಿ ಬಗ್ಗಡ ಬಂತು. ಇನ್ನೊಂದಕ್ಕೆ ಮೊದಲು ಹುಣಸೆ ಹುಳಿ ಹಿಂಡಿ ಸೋಸಿ ಹಾಕಿ ಆಮೇಲೆ ಸೋಡಾ ಹಾಕಿದೆ. ತಿಳಿ ನೀಲಿ, ತಳದಲ್ಲಿ ಏನೂ ಇಲ್ಲ. ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ಹುಣಸೇಹಣ್ಣು ಯಾರು ತಂದುಕೊಟ್ಟದ್ದು?"

"ನಮ್ಮ ಮನೆಯದು ಸರ್."

"ಮಹದೇವು ತಂದದ್ದಲ್ಲವೇ?"

"ಅಲ್ಲ ಸರ್. ನನ್ನ ಡಬ್ಬಿಯದು."

"ಸರಿ. ನೀರು ಕೆಡುವುದಕ್ಕೆ ಕಾರಣ ಹೇಳಿದಿರಿ. ಅವನು ಮುಂಚೆ ತಿಳಿಸಿಲ್ಲ ಅನ್ನುವುದಕ್ಕೆ ಇದರಲ್ಲಿ ಏನಿದೆ?"

ಅವರ ಪ್ರಶ್ನೆ ನ್ಯಾಯವಾದದ್ದೇ. ಬೀಕರಿನಿಂದ ಅದಕ್ಕೆ ಉತ್ತರ ಹೇಳುವಂತಿರಲಿಲ್ಲ. ನಾನು ಹೇಳಿದೆ: "ನೀವೇ ಹೋಗಿ ಬನ್ನಿ ಸರ್. ಯಾವತ್ತು ಅಂತ ನನಗೂ ಹೇಳಬೇಡಿ."

ಕೆಲವು ದಿನ ಕಳೆದವು. ಮಹದೇವು ಉತ್ತರ ಬರೆದು ಕೊಟ್ಟಿದ್ದ, ಅದು ಮೇಜಿನ ಮೇಲೆಯೇ ಬಿದ್ದಿತ್ತು. ಒಂದು ಮಧ್ಯಾಹ್ನ ಶ್ರೀಕಂಠಯ್ಯನವರು ಬ್ಯಾಂಕಿಗೆ ಹೋಗಿ ಬರುತ್ತೇನೆಂದು ಹೊರಟವರು, ಪ್ಯಾಂಟಿನ ಮಡಿಕೆಗೆಲ್ಲ ಮಸಿ ಮಾಡಿಕೊಂಡು ಕೈಚೀಲ ಹಿಡಿದು ಬಂದರು. ಚೀಲದಲ್ಲಿ ಅರಗು ಹಾಕಿದ ಒಂದು ಬಾಟಲಿ. ಜೀಪು ಅಂಗಳದಲ್ಲಿಯೇ ಇತ್ತು. ಅವರು ಆಟೋದಲ್ಲಿ ಹೋಗಿಬಂದಿದ್ದರು.

"ಕುದಿಸಿ," ಎಂದರು.

ಕುದಿಸಿದೆ. ಅವರು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತರು. ಅಂಕಿ ಬಂತು. ಮಿತಿಯೊಳಗೆ.

"ಈ ಸಲ ಯಾರಿಗೆ ಗೊತ್ತಿತ್ತು ಸರ್?"

ಅವರು ಅಂಕಿಯನ್ನೇ ನೋಡುತ್ತಿದ್ದರು. "ಆಟೋದವನಿಗೆ ಗೊತ್ತಿತ್ತು," ಎಂದರು.

"ಅವನಿಗೂ ನೀವು ಹತ್ತಿದ ಮೇಲಲ್ಲವೇ ಗೊತ್ತಾಗಿದ್ದು?"

"ಸಿಗ್ನಲ್‌ನಲ್ಲಿ ಯಾರ ಜೊತೆಯೋ ಫೋನಿನಲ್ಲಿ ಮಾತಾಡಿದ." ಕನ್ನಡಕ ತೆಗೆದು, "ಹೆಂಡತಿ ಇರಬೇಕು. ಚಿಕನ್ ಎಷ್ಟು ತರಲಿ ಅಂತ ಕೇಳುತ್ತಿದ್ದ," ಎಂದು ಎದ್ದು ಹೋದರು.

ಮಾರನೆಯ ದಿನ ಮಹದೇವುವಿನ ಕಾಗದದ ಮೇಲೆ 'ಕೈಬಿಡಲಾಗಿದೆ' ಎಂದು ಬರೆದು ರುಜು ಹಾಕಿದ್ದರು. ಅವನನ್ನು ಕರೆದು ಏನೂ ಹೇಳಲಿಲ್ಲ. ನಾನೇ ಹೇಳಿದೆ. ಅವನು ತಲೆಯಾಡಿಸಿ, ಜೀಪಿಗೆ ಡೀಸೆಲ್ ಹಾಕಿಸಬೇಕು ಎಂದು ಹೊರಟ. ಆ ವರ್ಷವೂ ಪಟ್ಟಿಯಲ್ಲಿ ಅವನ ಹೆಸರು ಹೋಯಿತು, ಮುಂದಿನ ವರ್ಷವೂ ಹೋಯಿತು.

ಗೌರಮ್ಮನವರಿಗೆ ಮಾಡಬೇಕಾದ್ದನ್ನು ಹೇಳಿಕೊಟ್ಟೆ. ಹುಣಸೆ ನೀರನ್ನು ತೊಟ್ಟಿಗೆ ನೇರವಾಗಿ ಬಿಡಬಾರದು. ಬೇರೆ ಇಟ್ಟು ಅದಕ್ಕೆ ಸೋಡಾ ಬದಲು ಸುಣ್ಣ ಹಾಕಬೇಕು. ಸುಣ್ಣದ ಕ್ಯಾಲ್ಸಿಯಂ ಹುಣಸೆಯ ಆಮ್ಲವನ್ನು ತನ್ನ ಕಡೆಗೆ ಎಳೆದುಕೊಂಡು ಬಿಳಿಯಾಗಿ ಕೂರುತ್ತದೆ. ಆಮ್ಲದ ಕೈ ತಪ್ಪಿದ ತಾಮ್ರ ಆಮೇಲೆ ಬಗ್ಗಡವಾಗುತ್ತದೆ, ಆಗ ಪಾಲಿಮರ್ ಪುಡಿಗೂ ಕೆಲಸವಿರುತ್ತದೆ. ಆಕೆ ಹಾಗೆಯೇ ಮಾಡಿದರು. ಹೇಳಿ ಹೋದರೂ ಹೇಳದೆ ಹೋದರೂ ನೀರು ಒಂದೇ ಆಯಿತು. ಕಡತದಲ್ಲಿ 'ಬಳಸುವ ರಾಸಾಯನಿಕಗಳು' ಎಂಬ ಕಡೆ ನಾನೇ ಹುಣಸೇಹಣ್ಣು ಎಂದು ಸೇರಿಸಿದೆ. ಹೊಸ ಹುಡುಗಿಯೊಬ್ಬಳು ಅದನ್ನು ಓದಿ ನಕ್ಕಳು. ನೀವು ನಗಬೇಡಿ. ಏನು ರಾಸಾಯನಿಕ ಹಾಕುತ್ತೀರಿ ಎಂದು ಕೇಳಿದರೆ ಜನ ತಮಗೆ ರಾಸಾಯನಿಕವೆಂದು ತೋರಿದ್ದನ್ನು ಮಾತ್ರ ಹೇಳುತ್ತಾರೆ. ಏನೇನು ಹಾಕುತ್ತೀರಿ, ಯಾವಾಗ ಚೆಲ್ಲುತ್ತೀರಿ ಎಂದು ಕೇಳಿ.

ನಾನು ನಿವೃತ್ತಳಾಗುವ ಕೆಲವು ದಿನ ಮೊದಲು ಗೌರಮ್ಮನವರು ಪ್ರಯೋಗಾಲಯಕ್ಕೆ ಬಂದರು. ಮಗನ ಮದುವೆ, ಎಲ್ಲರಿಗೂ ಲಗ್ನಪತ್ರಿಕೆ ಕೊಡಬೇಕು ಎಂದರು. ಹೊರಗೆ ಮಹದೇವು ಜೀಪಿನಿಂದ ಬಾಟಲಿಗಳನ್ನು ಇಳಿಸುತ್ತಿದ್ದ. ಆಕೆ ಮೊದಲು ಅವನ ಕಡೆಗೇ ಹೋದರು.

"ಏನ್ಲಾ ಮಾದೇವು, ಊರ್ ಕಡೆ ಬರೋದೇ ಬಿಟ್ಬುಟ್ಟೆ? ನಮ್ಮನೇಗೆ ನೀರು ತುಂಬ್ಕೊಳಕ್ ಬಂದ್ರೂ ಕಾಫಿ ಬೇಡ ಅಂತೀಯ. ಮದುವೇಲಿ ನೀನೇ ಮುಂದೆ ನಿಂತ್ಕೊಂಡು ಮಾಡ್ಬೇಕು ಕಣೋ. ತಗೋ."

ಮಹದೇವು ಕೈಲಿದ್ದ ಬಾಟಲಿ ಕೆಳಗಿಟ್ಟ. ಆಕೆಯ ಕಡೆ ತಿರುಗಿ, ನಮ್ಮ ಕಾಗದಗಳಲ್ಲಿರುವಂಥ ಕನ್ನಡದಲ್ಲಿ ಹೇಳಿದ:

"ಕ್ಷಮಿಸಿ. ಸ್ಯಾಂಪಲ್ ಕೊಡುವ ಪಾರ್ಟಿಗಳಿಂದ ನಾವು ಏನನ್ನೂ ತೆಗೆದುಕೊಳ್ಳುವ ಹಾಗಿಲ್ಲ. ತಾವು ಆಫೀಸಿನಲ್ಲಿ ವಿಚಾರಿಸಿ."

ಗೌರಮ್ಮನವರು ಲಗ್ನಪತ್ರಿಕೆ ಚಾಚಿದ ಕೈಯಲ್ಲಿಯೇ ನನ್ನ ಕಡೆ ನೋಡಿದರು. "ತಾವು ಅಂತಾನೆ ಮೇಡಂ," ಎಂದರು. "ನಾನೇನಾದ್ರೂ ಅಂದ್ನಾ ಇವನಿಗೆ?"

ಆಕೆಯ ಊರಿನವನೆಂಬ ಕಾರಣಕ್ಕೆ ಅವನ ಕೆಲಸ ಹೋಗುವುದರಲ್ಲಿತ್ತು ಎಂಬುದನ್ನು ಆಕೆಗೆ ಯಾರೂ ಹೇಳಿರಲಿಲ್ಲ. ಹೇಳುವುದು ನನ್ನ ಕೆಲಸವೋ ಅವನದೋ ನನಗೆ ತಿಳಿಯಲಿಲ್ಲ. ನೀವು ಏನೂ ಅಂದಿಲ್ಲ ಎಂದೆ. ಆಕೆ ನನ್ನ ಕೈಗೆ ಎರಡು ಪತ್ರಿಕೆ ಕೊಟ್ಟು, ಒಂದು ನಿಮಗೆ, ಒಂದು ಅವನಿಗೆ ಎಂದು ಹೇಳಿ ಹೋದರು. ಅವನ ಪತ್ರಿಕೆಯನ್ನು ಜೀಪಿನ ಸೀಟಿನ ಮೇಲಿಟ್ಟೆ. ಸಂಜೆ ಅದು ನನ್ನ ಮೇಜಿನ ಮೇಲಿತ್ತು.

ಅಷ್ಟರಲ್ಲಿ ಮಹದೇವು ಅವತ್ತಿನ ಬಾಟಲಿಗಳನ್ನೆಲ್ಲ ಸಾಲಾಗಿ ಇಟ್ಟು ಹೋಗಿದ್ದ. ಚೀಟಿ ಇನ್ನೂ ಕಿತ್ತಿರಲಿಲ್ಲ, ಗೌರಮ್ಮನವರ ಕಾರ್ಖಾನೆಯದೂ ಒಂದಿತ್ತು. ಎಂದಿನಂತೆ ಕುದಿಸಿ ಅಳೆದೆ. ತಾಮ್ರ ಮಿತಿಯೊಳಗಿತ್ತು.